ತೊಟ್ಟಿಯ ಬ್ಯಾಕ್ಟೀರಿಯಾ ಮತ್ತು ನೆಲಗಡಲೆಯ ಬೇರುಗಂಟು

ಭತ್ತದ ಕೊಯ್ಲಿನ ನಂತರ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಅನೇಕ ಗದ್ದೆಗಳಲ್ಲಿ ಉದ್ದು ಅಥವಾ ನೆಲಗಡಲೆ ಬಿತ್ತುವುದು ರೂಢಿ. ಈ ಗಿಡಗಳ ಬೇರುಗಂಟನ್ನು ಸೀಳಿದರೆ ಒಳಗೆ ನಸುಗೆಂಪು ಬಣ್ಣ ಕಾಣುತ್ತದೆ. ಇದಕ್ಕೆ ಕಾರಣ ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಹತ್ತಿರದ ಸಂಬಂಧಿಯಾದ ಒಂದು ವಸ್ತು. ಇದೇ ಕುಲದ ವಸ್ತುವೊಂದು ಔಷಧ ತಯಾರಿಕೆಯ ಬ್ಯಾಕ್ಟೀರಿಯಾಗಳಿಗೂ ಉಪಯೋಗಕ್ಕೆ ಬಂದಿದೆ.

1978ರಲ್ಲಿ ಅಮೆರಿಕದ ವಿಜ್ಞಾನಿಗಳು ಮಾನವ ಇನ್ಸುಲಿನ್ನಿನ ವಂಶವಾಹಿಗಳನ್ನು ಇ. ಕೋಲಿ ಎಂಬ ಬ್ಯಾಕ್ಟೀರಿಯಾದೊಳಗೆ ಸೇರಿಸಿ ಅದರಿಂದ ಇನ್ಸುಲಿನ್ ಪಡೆದರು; 1982ರಲ್ಲಿ ಅಲ್ಲಿ ಅದರ ಮಾರಾಟಕ್ಕೆ ಅನುಮತಿ ದೊರೆಯಿತು. ಇಂತಹ ಬ್ಯಾಕ್ಟೀರಿಯಾಗಳನ್ನು ಉಕ್ಕಿನ ತೊಟ್ಟಿಗಳಲ್ಲಿ ಸಕ್ಕರೆ, ಲವಣಗಳನ್ನು ಒದಗಿಸಿ ಬೆಳೆಸುತ್ತಾರೆ.

ಸಕ್ಕರೆ ನೀರಿನಲ್ಲಿ ಯಥೇಚ್ಛ ಕರಗುತ್ತದೆ, ಆಮ್ಲಜನಕ ಹಾಗಲ್ಲ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಾಳಿಯಿಂದ ಒಂದು ಲೀಟರ್ ನೀರಿಗೆ ಸೇರುವುದು ಸುಮಾರು 7.5 ಮಿಲಿಗ್ರಾಂ ಮಾತ್ರ. ದಟ್ಟವಾಗಿ ಬೆಳೆದ ಬ್ಯಾಕ್ಟೀರಿಯಾಗಳು ಇದನ್ನು ಕೆಲವೇ ಸೆಕೆಂಡುಗಳಲ್ಲಿ ಮುಗಿಸಿಬಿಡುತ್ತವೆ. ಆದಕಾರಣ ತಳದಿಂದ ಗಾಳಿ ಊದುತ್ತಾ ಎಡೆಬಿಡದೆ ಕಲಕುತ್ತಿರಬೇಕು. ಇದಕ್ಕೆ ತಗಲುವ ವಿದ್ಯುತ್ ಅಲ್ಪವಲ್ಲ. ಆಮ್ಲಜನಕ ಸಾಲದಾದರೆ ಇ. ಕೋಲಿ ಸಾಯುವುದಿಲ್ಲ, ಆದರೆ ಸಕ್ಕರೆಯನ್ನು ಅರ್ಧಂಬರ್ಧ ಒಡೆದು ಅಸಿಟಿಕ್ ಮುಂತಾದ ಆಮ್ಲಗಳನ್ನು ಹೊರಹಾಕುತ್ತದೆ. ಹುಳಿ ಏರಿದಂತೆ ಬೆಳವಣಿಗೆಯೂ ಉತ್ಪನ್ನವೂ ಕುಗ್ಗುತ್ತವೆ. ಸಕ್ಕರೆಯನ್ನು ಒಮ್ಮೆಲೇ ಸುರಿದರೆ ಗಾಳಿ ಇದ್ದರೂ ಇದೇ ಗತಿ. ಆದ್ದರಿಂದ ನಾವು ಯೂರಿಯಾವನ್ನು ಕಂತುಗಳಲ್ಲಿ ಕೊಡುವಂತೆ ಅಲ್ಲಿ ಸಕ್ಕರೆಯನ್ನು ಸ್ವಲ್ಪಸ್ವಲ್ಪವಾಗಿ ಉಣಿಸುತ್ತಾರೆ.

1988ರಲ್ಲಿ ಚೈತನ್ ಖೋಸ್ಲಾ ಮತ್ತು ಜೇಮ್ಸ್ ಬೇಲಿ ಎಂಬ ವಿಜ್ಞಾನಿಗಳು ಇನ್ನೊಂದು ದಾರಿ ತೋರಿಸಿದರು. ವಿಟ್ರಿಯೋಸಿಲ್ಲ ಎಂಬ ಬ್ಯಾಕ್ಟೀರಿಯಾ ಆಮ್ಲಜನಕ ವಿರಳವಾದಲ್ಲಿಯೂ ಬದುಕಬಲ್ಲದು. ವಿಜ್ಞಾನಿಗಳಿಗೆ ಅದು ಸಿಕ್ಕಿದ್ದು ಹಸುವಿನ ಸೆಗಣಿಯಲ್ಲಿ ಎಂಬುದು ನಮಗೆ ಸಂತೋಷದ ಸಂಗತಿ! ಅದರ ಹಿಮೋಗ್ಲೋಬಿನ್ ವಂಶವಾಹಿಯನ್ನು ಇ. ಕೋಲಿಗೆ ಸೇರಿಸಿದಾಗ, ಆಮ್ಲಜನಕ ಕಡಿಮೆ ಇದ್ದಾಗಲೂ ಅದು ಮೊದಲಿಗಿಂತ ಚೆನ್ನಾಗಿ ಬೆಳೆಯಿತು.

ಬೇರುಗಂಟಿನ ಪರಿಸ್ಥಿತಿ ಇನ್ನೂ ನಾಜೂಕು. ಒಳಗಿನ ರೈಜೋಬಿಯಂ ಉಸಿರಾಡಲು ಆಮ್ಲಜನಕ ಬೇಕು. ಆದರೆ ಸಾರಜನಕ ಹಿಡಿಯುವ ಕಿಣ್ವಕ್ಕೆ ಅದೇ ಆಮ್ಲಜನಕ ತಾಗಿದರೆ ಕೆಡುತ್ತದೆ. ನಸುಗೆಂಪು ವಸ್ತು ಆಮ್ಲಜನಕವನ್ನು ಹಿಡಿದು, ಬೇಕಾದಷ್ಟೇ ಒದಗಿಸುತ್ತದೆ. ನೀರು ನಿಂತ ಗದ್ದೆಯಲ್ಲಿ ಗಂಟಿಗೆ ಗಾಳಿ ತಲುಪದೆ ಈ ಕೆಲಸ ಕುಂಠಿತವಾಗುತ್ತದೆ.

ಬಿತ್ತಿದ 35-40 ದಿನಗಳಿಗೆ ಒಂದೆರಡು ಗಿಡಗಳನ್ನು ಮಣ್ಣುಸಹಿತ ಅಗೆದು, ಗಂಟು ಸೀಳಿ ನೋಡತಕ್ಕದ್ದು. ಕೆಂಪಾಗಿದ್ದರೆ ಕೆಲಸ ನಡೆಯುತ್ತಿದೆ. ಬಿಳಿ ಅಥವಾ ಹಸಿರು ಬಣ್ಣದ್ದೇ ಹೆಚ್ಚಾಗಿದ್ದರೆ ಮೊದಲು ಬಸಿಗಾಲುವೆ ತೆಗೆದು ನೀರು ಹೊರಬಿಡಿ. ಗಂಟುಗಳೇ ಇಲ್ಲದಿದ್ದಲ್ಲಿ ಮುಂದಿನ ಬಿತ್ತನೆಗೆ ಆಯಾ ಬೆಳೆಗೆ ತಕ್ಕ ರೈಜೋಬಿಯಂ ಅನ್ನು ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಒಣಗಿಸಿ ಕೂಡಲೇ ಬಿತ್ತಬೇಕು.