ಮರೆವಿನ ಹಿರಿಯರಿಗೆ ಗುಳಿಗೆ ಕೊಡುವ ಮುನ್ನ



ಕಮತಗಿಯ ನೇಕಾರರ ಓಣಿಯೊಂದರಲ್ಲಿ ಸಂಘದ ಸಭೆಗೆ ಹೋಗಿದ್ದಾಗ ಒಬ್ಬ ಸದಸ್ಯೆ ತಮ್ಮ ಅತ್ತೆಯನ್ನು ನೆನೆದು ಕಣ್ಣೀರು ಹಾಕಿದರು. "ಸಿಸ್ಟರ್, ಮೊದ್ಲ ಬರೇ ಮರೀತಿದ್ರು, ಕುಂತು ಕಂಡಿಕಿ ಸುತ್ತತಿದ್ರು. ಎಂಟು ದಿನ ಆತು, ಹಗಲೆಲ್ಲ ಮಲಗ್ತಾರ, ರಾತ್ರಿ ಎದ್ದು ಹೊರಗ ಹೊಂಡ್ತಾರ. ಮಗನ್ನೂ ಗುರುತ ಹಿಡಿಯಂಗಿಲ್ಲ" ಎಂದರು. ಅರವತ್ತಕ್ಕೆ ಅರಳು ಮರಳು ಎಂದು ಮನೆಯವರು ಕೈಚೆಲ್ಲಿ ಕೂತಿದ್ದರು.

ನಾವು ಗುಳಿಗೆ ಚೀಲ ತರಿಸಿ ನೋಡಿದೆವು. ಮರೆವಿಗೆ ಒಬ್ಬ ವೈದ್ಯರು, ಬಿ.ಪಿ.ಗೆ ಇನ್ನೊಬ್ಬರು ಬರೆದ ಗುಳಿಗೆಗಳಿದ್ದವು. ಅವುಗಳ ಜೊತೆ ಅಂಗಡಿಯಿಂದ ತಂದ ನೆಗಡಿ ಗುಳಿಗೆ, ನಿದ್ದೆ ಗುಳಿಗೆಯೂ ಇದ್ದವು. ಚೀಲವನ್ನು ವೈದ್ಯರಿಗೆ ತೋರಿಸಿದಾಗ, ಅವರು ಕೊನೆಯ ಎರಡನ್ನು ಬಿಡಿಸಿದರು. ಕೆಲವು ದಿನಗಳಲ್ಲಿ ಆ ತಾಯಿ ಮಗನ ಹೆಸರು ಹಿಡಿದು ಕರೆದರು. ಮರೆವು ಹೋಗಲಿಲ್ಲ, ಆದರೆ ಆ ಗೊಂದಲ ಹೋಯಿತು.

ಹೀಗೇಕೆ ಆಗುತ್ತದೆ?

ವಯಸ್ಸಾದಂತೆ ಮೂತ್ರಪಿಂಡ, ಯಕೃತ್ತು ನಿಧಾನವಾಗುತ್ತವೆ. ಔಷಧ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಮರೆವಿನ ಕಾಯಿಲೆಯ ಮೆದುಳಿಗೆ ಅದು ಬೇಗ ತಟ್ಟುತ್ತದೆ. ತಮಗೇನಾಗುತ್ತಿದೆ ಎಂದು ಹೇಳಲು ಅವರಿಗೆ ಬಾರದು. ನುಂಗಿದ್ದು ಮರೆತು ಮತ್ತೆ ನುಂಗುವುದೂ ಉಂಟು.

ಯಾವುದಕ್ಕೆ ಯಾವುದು ಆಗದು?

* ಮರೆವಿಗೆ ಕೊಡುವ ಡೊನೆಪೆಜಿಲ್ ಮೆದುಳಿನಲ್ಲಿ ನೆನಪಿಗೆ ಬೇಕಾದ ಒಂದು ರಾಸಾಯನಿಕವನ್ನು ಉಳಿಸುತ್ತದೆ. ಅನೇಕ ನೆಗಡಿ ಗುಳಿಗೆಗಳಲ್ಲಿರುವ ಕ್ಲೋರ್‌ಫೆನಿರಮಿನ್ ಅದೇ ರಾಸಾಯನಿಕದ ಕೆಲಸವನ್ನು ತಡೆಯುತ್ತದೆ. ಒಂದು ಕಟ್ಟಿದ್ದನ್ನು ಇನ್ನೊಂದು ಬಿಚ್ಚಿದಂತೆ. ಮಲಬದ್ಧತೆ, ಮೂತ್ರ ಕಟ್ಟುವುದೂ ಆಗಬಹುದು.
* ಡೊನೆಪೆಜಿಲ್ ಜೊತೆಗೆ ಬಿ.ಪಿ., ಹೃದಯಕ್ಕೆ ಕೊಡುವ ಅಟೆನೊಲಾಲ್ ಅಥವಾ ಮೆಟೊಪ್ರೊಲಾಲ್ ಸೇರಿದರೆ ನಾಡಿ ತೀರಾ ನಿಧಾನವಾಗಿ ತಲೆ ತಿರುಗಿ ಬೀಳಬಹುದು.
* ಆಲ್‌ಪ್ರಜೋಲಾಮ್‌ನಂಥ ನಿದ್ದೆ ಗುಳಿಗೆಯಿಂದ ಗೊಂದಲ ಹೆಚ್ಚುತ್ತದೆ. ರಾತ್ರಿ ಎದ್ದಾಗ ಬಿದ್ದು ಸೊಂಟ ಮುರಿದುಕೊಳ್ಳುವ ಭಯವಿದೆ.
* ಮೊಣಕಾಲು ನೋವಿನ ಡೈಕ್ಲೊಫೆನಾಕ್ ಬಿ.ಪಿ. ಏರಿಸುತ್ತದೆ. ಕೆಲವು ಬಿ.ಪಿ. ಗುಳಿಗೆಗಳ ಜೊತೆ ಮೂತ್ರಪಿಂಡಕ್ಕೂ ಪೆಟ್ಟು. ಆಸ್ಪಿರಿನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಒಸರಬಹುದು.

ನಾವೇನು ಮಾಡಬೇಕು?

1. ಮನೆಯಲ್ಲಿರುವ ಎಲ್ಲ ಗುಳಿಗೆ, ಟಾನಿಕ್, ನಾಟಿ ಔಷಧವನ್ನೂ ಒಂದೇ ಚೀಲದಲ್ಲಿ ಹಾಕಿ. ಯಾವ ದವಾಖಾನೆಗೆ ಹೋದರೂ ಚೀಲ ಜೊತೆಗಿರಲಿ. "ಇವೆಲ್ಲ ಕೂಡಿ ತಗೋಬಹುದಾ? ಯಾವುದಾದ್ರೂ ಬಿಡಬಹುದಾ?" ಎಂದು ಧೈರ್ಯವಾಗಿ ಕೇಳಿ.
2. ಚೀಟಿ ಇಲ್ಲದೆ ಅಂಗಡಿಯಿಂದ ಗುಳಿಗೆ ತಂದು ಕೊಡಬೇಡಿ.
3. ಗುಳಿಗೆ ಕೊಡುವ ಹೊಣೆ ಒಬ್ಬರಿಗೇ ಇರಲಿ. ಡಬ್ಬಿ ಹಿರಿಯರ ಕೈಗೆ ಸಿಗದಿರಲಿ.
4. ಈ ಲೇಖನ ಓದಿ ನೀವೇ ಯಾವ ಗುಳಿಗೆಯನ್ನೂ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸುವುದೂ ಅಪಾಯ.
5. ಒಂದೆರಡು ದಿನದಲ್ಲಿ ನಡತೆ ಬದಲಾದರೆ ಅದು ಮುಪ್ಪು ಎಂದು ಸುಮ್ಮನಿರಬೇಡಿ. ಹುನಗುಂದ ತಾಲೂಕು ಆಸ್ಪತ್ರೆಗೋ ಬಾಗಲಕೋಟೆ ಜಿಲ್ಲಾ ಆಸ್ಪತ್ರೆಗೋ ಕೂಡಲೇ ಕರೆದೊಯ್ಯಿರಿ.

ನೋಡಿಕೊಳ್ಳುವ ಸೊಸೆ, ಮಗಳಿಗೂ ದಣಿವಿದೆ. ಮನಸ್ಸು ಭಾರವಾದಾಗ 2022ರಲ್ಲಿ ಆರಂಭವಾದ ಸರಕಾರದ ಉಚಿತ ಸಹಾಯವಾಣಿ ಟೆಲಿ-ಮಾನಸ್, 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಸಭೆಗೆ ಉಳಿತಾಯದ ಪುಸ್ತಕದ ಜೊತೆ ನಿಮ್ಮ ಮನೆ ಹಿರಿಯರ ಗುಳಿಗೆ ಚೀಲವನ್ನೂ ತನ್ನಿ. ಎಲ್ಲರೂ ಕೂತು ಪಟ್ಟಿ ಬರೆಯೋಣ, ವೈದ್ಯರಿಗೆ ತೋರಿಸೋಣ.