ಚದರದ ಲೆಕ್ಕಕ್ಕೆ ಸಿಗದ ಮನೆಯ ಖರ್ಚು

ಮನೆ ಕಟ್ಟಿಸಲು ಹೊರಟವರು ಮೊದಲು ಕೇಳುವುದು ‘ಈಗ ಚದರಕ್ಕೆ ಎಷ್ಟು ನಡೀತಿದೆ?’ ಎಂದು. ನೂರು ಚದರಡಿಗೆ ಒಂದು ಚದರ. ಪಕ್ಕದ ಬೀದಿಯವರು ಕೊಟ್ಟ ದರ ಗೊತ್ತಾದರೆ ತಮ್ಮ ಮನೆಯ ಖರ್ಚೂ ಗೊತ್ತಾಯಿತು ಎಂಬ ಧೈರ್ಯ ಬರುತ್ತದೆ. ಆ ಧೈರ್ಯದ ಮೇಲೆಯೇ ಬ್ಯಾಂಕ್ ಸಾಲಕ್ಕೆ ಅರ್ಜಿ ಹೋಗುತ್ತದೆ, ಒಡವೆ ಅಡವಾಗುತ್ತದೆ. ಮೋಲ್ಡ್ ಹಾಕುವ ಹೊತ್ತಿಗೆ ದುಡ್ಡು ಖಾಲಿಯಾದರೆ ಬೈಗುಳ ಕಾಂಟ್ರಾಕ್ಟರಿಗೆ, ಇಲ್ಲವೇ ಸಿಮೆಂಟಿನ ಬೆಲೆಗೆ. ಎರಡೂ ಕಾರಣಗಳು ಕೆಲವೊಮ್ಮೆ ನಿಜವಿರಬಹುದು. ಆದರೆ ಬಹಳಷ್ಟು ಮನೆಗಳಲ್ಲಿ ತಪ್ಪು ಆರಂಭವಾಗುವುದು ಅದಕ್ಕೂ ಹಿಂದೆ, ವಿಸ್ತೀರ್ಣ ಎಷ್ಟೋ ಖರ್ಚು ಅಷ್ಟೇ ಪಟ್ಟು ಎಂಬ ನಂಬಿಕೆಯಲ್ಲಿ. ಚದರದ ದರ ಎನ್ನುವುದು ಕಟ್ಟಿ ಮುಗಿದ ಮನೆಯ ಒಟ್ಟು ಖರ್ಚನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಅಂಕಿ. ಒಂದು ಮನೆಯ ಭಾಗಲಬ್ಧವನ್ನು ತಂದು ಇನ್ನೊಂದು ಮನೆಯ ವಿಸ್ತೀರ್ಣಕ್ಕೆ ಗುಣಿಸಿದರೆ ಬರುವುದು ಆ ಎರಡನೆಯ ಮನೆಯ ಖರ್ಚಲ್ಲ.

ಗೋಡೆಯಿಂದಲೇ ನೋಡೋಣ. ಕಟ್ಟಡದ ಹೊರ ಅಳತೆ 30 ಅಡಿಗೆ 40 ಅಡಿ ಇದ್ದರೆ ವಿಸ್ತೀರ್ಣ 1,200 ಚದರಡಿ, ಸುತ್ತಳತೆ 140 ಅಡಿ. ಹೊರಗೋಡೆ ಹತ್ತಡಿ ಎತ್ತರವೆಂದರೆ 1,400 ಚದರಡಿ ಗೋಡೆ, ಅಂದರೆ ಚದರವೊಂದಕ್ಕೆ ಸುಮಾರು 117 ಚದರಡಿ. ಈಗ 20 ಅಡಿಗೆ 30 ಅಡಿಯ ಚಿಕ್ಕ ಕಟ್ಟಡ ತೆಗೆದುಕೊಳ್ಳಿ. ವಿಸ್ತೀರ್ಣ ಅರ್ಧಕ್ಕಿಳಿಯಿತು, ಆದರೆ ಸುತ್ತಳತೆ ಇಳಿದದ್ದು 100 ಅಡಿಗೆ ಮಾತ್ರ. ಇಲ್ಲಿ ಚದರಕ್ಕೆ ಸುಮಾರು 167 ಚದರಡಿ ಹೊರಗೋಡೆ ಬೇಕು. ಇಟ್ಟಿಗೆ, ಗಾರೆ, ಒಳಗೂ ಹೊರಗೂ ಪ್ಲಾಸ್ಟರಿಂಗ್, ಬಣ್ಣ, ಗೋಡೆಯ ಕೆಳಗಿನ ಪಾಯ ಎಲ್ಲವೂ ಚದರವೊಂದಕ್ಕೆ ದೊಡ್ಡ ಕಟ್ಟಡಕ್ಕಿಂತ ಶೇ 40ಕ್ಕೂ ಹೆಚ್ಚು ಬೇಕು. ವಿಸ್ತೀರ್ಣ ಒಂದೇ ಇದ್ದರೂ ಆಕಾರ ಬದಲಾದರೆ ಲೆಕ್ಕ ಬದಲಾಗುತ್ತದೆ. 20 ಅಡಿಗೆ 60 ಅಡಿಯ ಉದ್ದನೆಯ ಕಟ್ಟಡವೂ 1,200 ಚದರಡಿಯೇ, ಅದರ ಸುತ್ತಳತೆ ಮಾತ್ರ 160 ಅಡಿ. ಇದರ ಜೊತೆಗೆ ಮನೆ ಚಿಕ್ಕದಾಯಿತೆಂದು ಕುಗ್ಗದ ಬಾಬತ್ತುಗಳೂ ಇವೆ: ಸಂಪು, ಬೋರ್‌ವೆಲ್, ಅಡುಗೆಮನೆಯ ಕಟ್ಟೆ, ಬಚ್ಚಲಿನ ಪೈಪುಗಳು, ಮುಂಬಾಗಿಲು, ವಿದ್ಯುತ್ ಸಂಪರ್ಕ. ಆರು ಚದರದ ಮನೆಗೆ ಅರ್ಧ ಸಂಪು ಸಾಕು ಎನ್ನುವಂತಿಲ್ಲ. ಕಡಿಮೆ ದುಡ್ಡಿನವರು ಚಿಕ್ಕ ಮನೆಗೆ ಕೈಹಾಕಿ ಹೆಚ್ಚು ಪೆಟ್ಟು ತಿನ್ನುವುದು ಇದರಿಂದಲೇ. ದೊಡ್ಡ ಮನೆಗಳ ದರವನ್ನು ನಂಬಿ ಅವರು ಹಣ ಹೊಂದಿಸಿಕೊಂಡಿರುತ್ತಾರೆ.

ನೆಲದ ಕೆಳಗೆ ಹೋದರೆ ವ್ಯತ್ಯಾಸ ಇನ್ನೂ ದೊಡ್ಡದು. ಗಟ್ಟಿ ಕೆಂಪು ನೆಲದಲ್ಲಿ ಸೈಜುಗಲ್ಲಿನ ಸಾಧಾರಣ ಪಾಯ ಸಾಲುತ್ತದೆ. ಗದಗ, ವಿಜಯಪುರ, ಕಲಬುರಗಿ ಸುತ್ತಿನ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಆಳವಾದ ಎರೆಮಣ್ಣಿನಲ್ಲಿ ಅಂಡರ್‌ರೀಮ್ಡ್ ಪೈಲ್ (ಬುಡದ ಬಳಿ ಅಗಲವಾಗುವ ಕಾಂಕ್ರೀಟ್ ಕಂಬ) ಹಾಕುವುದಾದರೆ ಅದು ಕನಿಷ್ಠ 3.5 ಮೀಟರ್ ಇಳಿಯಬೇಕು. ಮೇಲಿನ ಮನೆಯ ನಕ್ಷೆಯಲ್ಲಿ ಒಂದು ಇಂಚೂ ಬದಲಾಗಿರುವುದಿಲ್ಲ, ಖರ್ಚು ಮಾತ್ರ ಬೇರೆಯೇ ಆಗಿರುತ್ತದೆ. ಮೇಲೆ ಬಂದರೆ ಹಾಲ್ ಇದೆ. ‘ನಡುವೆ ಕಂಬ ಬೇಡ, ವಿಶಾಲವಾಗಿರಲಿ’ ಎಂಬ ಆಸೆಗೆ ಚದರದ ದರದಲ್ಲಿ ಬೆಲೆಯೇ ಇಲ್ಲ. ಆದರೆ ಸ್ಲ್ಯಾಬ್ ಆತುಕೊಂಡಿರುವ ಎರಡು ಆಸರೆಗಳ ಅಂತರ ದುಪ್ಪಟ್ಟಾದರೆ ಅದನ್ನು ಬಾಗಿಸುವ ಮೊಮೆಂಟ್ ನಾಲ್ಕು ಪಟ್ಟಾಗುತ್ತದೆ. ಆಗ ಸ್ಲ್ಯಾಬ್ ದಪ್ಪಗಾಗಬೇಕು, ಅಥವಾ ಬೀಮ್ ಬರಬೇಕು, ಕಬ್ಬಿಣವಂತೂ ಏರಲೇಬೇಕು. ಕಂಬಿಯ ಮಿಲಿಮೀಟರ್ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 12 ಮಿ.ಮೀ. ಕಂಬಿ 0.89 ಕಿಲೋ, 16 ಮಿ.ಮೀ. ಕಂಬಿ 1.58 ಕಿಲೋ. ನೋಡಲು ನಾಲ್ಕೇ ಮಿಲಿಮೀಟರ್ ವ್ಯತ್ಯಾಸ, ತೂಕದಲ್ಲಿ ಮುಕ್ಕಾಲು ಪಾಲಿಗೂ ಮಿಗಿಲು.

ಹಾಗಾದರೆ ನಿಜವಾದ ಎಸ್ಟಿಮೇಟ್ ಎಂದರೇನು? ಮಣ್ಣು ಅಗೆತ, ಪಾಯದ ಕಾಂಕ್ರೀಟ್, ಗೋಡೆ, ಸೆಂಟ್ರಿಂಗ್, ಕಬ್ಬಿಣ, ಪ್ಲಾಸ್ಟರಿಂಗ್, ನೆಲಹಾಸು ಹೀಗೆ ಬಾಬತ್ತುವಾರು ಪ್ರಮಾಣವನ್ನು ನಕ್ಷೆಯಿಂದ ಅಳೆದು, ಪ್ರತಿಯೊಂದಕ್ಕೂ ದರ ಕಟ್ಟುವುದು. ಹೇಗೆ ಅಳೆಯಬೇಕೆಂಬುದಕ್ಕೆ ಐಎಸ್ 1200 ಎಂಬ ಭಾರತೀಯ ಮಾನಕವೇ ಇದೆ. ‘ಕಿಟಕಿ ಇರುವ ಜಾಗಕ್ಕೂ ಪ್ಲಾಸ್ಟರಿಂಗ್ ದುಡ್ಡು ಹಾಕಿದ್ದಾರೆ’ ಎಂಬ ಮಾಲೀಕರ ಹಳೆಯ ಗುಮಾನಿಗೆ ಉತ್ತರವೂ ಅದರಲ್ಲಿದೆ. ಗೋಡೆಯ ಎರಡೂ ಮುಖಕ್ಕೆ ಒಂದೇ ಬಗೆಯ ಪ್ಲಾಸ್ಟರಿಂಗ್ ಇದ್ದು, ತೆರಪು ಅರ್ಧ ಚದರ ಮೀಟರಿಗಿಂತ ದೊಡ್ಡದಾಗಿ ಮೂರು ಚದರ ಮೀಟರಿನೊಳಗಿದ್ದರೆ, ಒಂದು ಮುಖದ ಅಳತೆಯನ್ನು ಮಾತ್ರ ಕಳೆಯಬೇಕು. ನಾಲ್ಕಡಿ ಚೌಕದ ಕಿಟಕಿ ಸುಮಾರು ಒಂದೂವರೆ ಚದರ ಮೀಟರ್, ಈ ಮಿತಿಯೊಳಗೇ ಬರುತ್ತದೆ. ಇನ್ನೊಂದು ಮುಖವನ್ನು ಕಳೆಯದೆ ಬಿಟ್ಟದ್ದು ಯಾಕೆಂದರೆ, ಕಿಟಕಿಯ ಸುತ್ತಲಿನ ಅಂಚು, ಕೆಳಗಿನ ಹಾಗೂ ಮೇಲಿನ ಪಟ್ಟಿಗಳಿಗೆ ಗಾರೆಯವರು ಮಾಡುವ ನಾಜೂಕು ಕೆಲಸವನ್ನು ಬೇರೆಯಾಗಿ ಅಳೆಯುವುದಿಲ್ಲ. ಅದನ್ನು ಮೋಸವೆಂದುಕೊಂಡು ಜಗಳ ತೆಗೆಯುವುದು ಅನ್ಯಾಯ. ಹಾಗೆಯೇ ಮೂರು ಚದರ ಮೀಟರ್ ಮೀರಿದ ದೊಡ್ಡ ತೆರಪಿಗೆ ಎರಡೂ ಮುಖ ಕಳೆಯದೆ ಬಿಟ್ಟರೆ, ಕೇಳುವ ಹಕ್ಕು ಮಾಲೀಕರಿಗೆ ಇದ್ದೇ ಇದೆ.

ಸರ್ಕಾರಿ ಎಂಜಿನಿಯರುಗಳೇ ವಿಸ್ತೀರ್ಣದ ದರ ಬಳಸುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ಮಾತು ನಿಜ, ಕೇಂದ್ರ ಲೋಕೋಪಯೋಗಿ ಇಲಾಖೆ ಪ್ಲಿಂತ್ ಏರಿಯಾ ದರಗಳನ್ನು ಪ್ರಕಟಿಸುತ್ತದೆ. ಆದರೆ ಅದು ಯಾವ ಹಂತಕ್ಕೆ ಎಂಬುದನ್ನು ನೋಡಬೇಕು. ಯೋಜನೆಗೆ ಕೈಹಾಕಬಹುದೇ ಎಂದು ನಿರ್ಧರಿಸುವ ಆಡಳಿತಾತ್ಮಕ ಅನುಮೋದನೆಗೆ ಆ ಪ್ರಾಥಮಿಕ ಅಂದಾಜು ಸಾಕು. ತಾಂತ್ರಿಕ ಮಂಜೂರಾತಿಗೆ ವಿವರವಾದ ಬಾಬತ್ತುವಾರು ಪಟ್ಟಿಯೇ ಬೇಕು. ಅಲ್ಲದೆ ಆ ದರಗಳಲ್ಲೂ ಕಟ್ಟಡದ ಎತ್ತರ ಅಥವಾ ಪಾಯದ ಆಳ ಹೆಚ್ಚಿದರೆ ಹೆಚ್ಚುವರಿ, ನೀರು ಮತ್ತು ವಿದ್ಯುತ್ ವ್ಯವಸ್ಥೆಗೆ ಬೇರೆ ಪಾಲು, ಊರಿಗೆ ತಕ್ಕ ವೆಚ್ಚ ಸೂಚ್ಯಂಕ ಎಲ್ಲವೂ ಇರುತ್ತವೆ. ನಮ್ಮ ಬೀದಿಯ ಚದರದ ದರಕ್ಕೆ ಇದ್ಯಾವುದೂ ಇಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಚದರಕ್ಕೆ ಇಷ್ಟೆಂದು ಗುತ್ತಿಗೆ ಕೊಟ್ಟರೆ ಏರಿಳಿತದ ತಲೆನೋವು ಕಾಂಟ್ರಾಕ್ಟರಿನದು, ಮಾಲೀಕರು ನೆಮ್ಮದಿಯಾಗಿರಬಹುದು. ಕೇಳಲು ಸರಿಯಾಗಿಯೇ ಇದೆ. ಆದರೆ ಎಷ್ಟು ಚದರ ಎಂಬುದೇ ಮೊದಲು ತಕರಾರಿಗೆ ಬೀಳುತ್ತದೆ. ಪೋರ್ಟಿಕೊ, ಬಾಲ್ಕನಿ, ಮೆಟ್ಟಿಲಿನ ಮೇಲಿನ ಕೋಣೆ ಲೆಕ್ಕಕ್ಕೆ ಸೇರುತ್ತವೆಯೇ? ಕಾಂಪೌಂಡ್, ಸಂಪು ಯಾರ ಖರ್ಚು? ಪಾಯ ಎರಡಡಿ ಹೆಚ್ಚು ಇಳಿದರೆ? ಬರೆದಿಡದ ಪ್ರತಿಯೊಂದೂ ಮುಂದೆ ‘ಎಕ್ಸ್‌ಟ್ರಾ’ ಆಗಿ ಬರುತ್ತದೆ. ಅದು ಗಿಟ್ಟದಿದ್ದರೆ ಕಾಂಟ್ರಾಕ್ಟರ್ ತನ್ನ ನಷ್ಟವನ್ನು ಕಣ್ಣಿಗೆ ಕಾಣದ ಕಡೆ, ಕಂಬಿಯ ಅಂತರದಲ್ಲೋ ಕಾಂಕ್ರೀಟಿನ ಸಿಮೆಂಟಿನಲ್ಲೋ ತುಂಬಿಕೊಳ್ಳಬಹುದು. ಒಟ್ಟು ಮೊತ್ತದ ಗುತ್ತಿಗೆ ಬೇಕೆಂದರೆ ಅದು ತಪ್ಪಲ್ಲ, ಆದರೆ ಅದರ ಹಿಂದೆ ಪ್ರಮಾಣಗಳ ಪಟ್ಟಿ ಇರಬೇಕು, ಹೆಚ್ಚುವರಿ ಕೆಲಸದ ದರ ಮೊದಲೇ ಬರೆದಿರಬೇಕು.

ಬೆಲೆಗಳು ದಿನವೂ ಬದಲಾಗುವಾಗ ಇಷ್ಟೆಲ್ಲ ಅಳೆದು ಏನು ಪ್ರಯೋಜನ ಎನ್ನುವವರಿದ್ದಾರೆ. ಬದಲಾಗುವುದು ದರ, ಪ್ರಮಾಣ ಬದಲಾಗುವುದಿಲ್ಲ. 1,200 ಚದರಡಿಗೆ ಐದು ಇಂಚಿನ ಮೋಲ್ಡ್ ಎಂದರೆ ಸುಮಾರು 14 ಘನ ಮೀಟರ್ ಕಾಂಕ್ರೀಟ್. ಸಿಮೆಂಟ್, ಮರಳು, ಜಲ್ಲಿಯ ಒಂದು, ಒಂದೂವರೆ, ಮೂರರ ಮಿಶ್ರಣದಲ್ಲಿ ಘನ ಮೀಟರಿಗೆ ಸುಮಾರು 8 ಚೀಲದಂತೆ 110 ಚೀಲಕ್ಕೂ ಮಿಗಿಲಾಗಿ ಸಿಮೆಂಟ್ ಬೇಕು. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ತೆರಿಗೆ ಬಿಟ್ಟು ಚೀಲಕ್ಕೆ 300 ರೂಪಾಯಿ ಎಂದಿಟ್ಟುಕೊಂಡರೆ, ಆ ಇಳಿಕೆಯಿಂದ ಚೀಲದ ಬೆಲೆ 384ರಿಂದ 354ಕ್ಕೆ ಬರುತ್ತದೆ. ಮನೆಗೆ 500 ಚೀಲ ಎಂದು ಪಟ್ಟಿಯಲ್ಲಿದ್ದರೆ 15,000 ರೂಪಾಯಿ ಕಡಿಮೆ ಮಾಡಿ ಎಂದು ಲೆಕ್ಕ ಇಟ್ಟು ಕೇಳಬಹುದು. ಚದರಕ್ಕೆ ಇಷ್ಟೆಂದು ಮಾತಾಡಿಕೊಂಡವರ ಬಳಿ ಆ ಚೀಲಗಳ ಲೆಕ್ಕವೇ ಇರುವುದಿಲ್ಲ.