ಚಲಚ್ಚಿತ್ರವೂ ಇಂಗ್ಲಿಷು ಮಾತೂ



ಇಂಗ್ಲಿಷಿನಲ್ಲಿ ಆಹಾರಸಾಮಗ್ರಿಗೆ ಒಂದು ಹಳೆಯ ಹೆಸರುಂಟು. ಅದರ ಅಕ್ಷರಗಳನ್ನು ಕೂಡಿಸಿ ಓದಿದರೆ 'ವಿಕ್ಚುಯಲ್ಸ್' ಎಂದಾಗುವುದು. ಗದ್ಯಪಾಠದಲ್ಲಿ ಆ ಶಬ್ದ ಬಂದಾಗಲೆಲ್ಲ ನಾನು ಹಾಗೆಯೇ ಗಟ್ಟಿಯಾಗಿ ಓದಿ, ಅರ್ಥವನ್ನು ಬರೆಯಿಸಿ, ಮುಂದಕ್ಕೆ ಹೋಗುತ್ತಿದ್ದೆನು. ಹೀಗೆ ಕೆಲವು ವರ್ಷಗಳು ಕಳೆದುವು. ಆಮೇಲೆ ಒಂದು ಸಂಜೆ, ಡೇವಿಡ್ ಲೀನ್ ಎಂಬ ನಿರ್ದೇಶಕರು 1946ರಲ್ಲಿ ತೆಗೆದ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಎಂಬ ಚಿತ್ರವನ್ನು ನೋಡುತ್ತ ಕುಳಿತಿದ್ದೆನು. ಆರಂಭದಲ್ಲಿಯೇ, ಗಾಳಿ ಬೀಸುತ್ತಿರುವ ಒಂದು ಶ್ಮಶಾನದಲ್ಲಿ, ಸೆರೆಯಿಂದ ತಪ್ಪಿಸಿಕೊಂಡು ಬಂದ ಕೈದಿಯೊಬ್ಬನು ಪಿಪ್ ಎಂಬ ಬಾಲಕನನ್ನು ಹಿಡಿದುಕೊಂಡು ಎರಡು ವಸ್ತುಗಳನ್ನು ತರಹೇಳುತ್ತಾನೆ. ಒಂದು, ಕಾಲಿನ ಬೇಡಿಯನ್ನು ಕೊಯ್ಯಲು ಅರ, ಇನ್ನೊಂದು, 'ವಿಟಲ್ಸ್'. ಹಾಗೆಂದರೇನೆಂಬುದು ಗೊತ್ತೇ ಎಂದು ಗದರಿಸುತ್ತಾನೆ. ಊಟದ ಪದಾರ್ಥವೆಂದು ಹುಡುಗನು ಹೆದರುತ್ತ ಹೇಳುತ್ತಾನೆ.

ಡಿಕನ್ಸನ ಕಾದಂಬರಿಯಲ್ಲಿ ಈ ಶಬ್ದವನ್ನು ಕೈದಿಯ ಉಚ್ಚಾರಣೆಗೆ ಅನುಸಾರವಾಗಿ ಬೇರೆ ಅಕ್ಷರಗಳಲ್ಲಿ ಅಚ್ಚುಮಾಡಿದೆ. ಆದುದರಿಂದ ಅದು ಕಳ್ಳರ ಪರಿಭಾಷೆಯ ಯಾವುದೋ ಮಾತೆಂದು ನಾನು ತಿಳಿದಿದ್ದೆನು. ಆ ರಾತ್ರಿ ನಿಘಂಟನ್ನು ತೆರೆದರೆ, ನನ್ನ 'ವಿಕ್ಚುಯಲ್ಸ್' ಶಬ್ದಕ್ಕೆ 'ವಿಟಲ್ಸ್' ಎಂದೇ ಉಚ್ಚಾರಣೆಯನ್ನು ಕೊಟ್ಟಿತ್ತು! ಹಳೆಯ ಫ್ರೆಂಚಿನಿಂದ ಬಂದ ಈ ಶಬ್ದದಲ್ಲಿ ಮೊದಲು 'ಸಿ' ಅಕ್ಷರವೇ ಇರಲಿಲ್ಲ; ಲ್ಯಾಟಿನ್ ಮೂಲವನ್ನು ನೆನಪಿಗೆ ತರಲು ವಿದ್ವಾಂಸರು ಅದನ್ನು ಬರವಣಿಗೆಯಲ್ಲಿ ಸೇರಿಸಿದರು. ಜನರ ನಾಲಗೆ ಆ ವಿದ್ವತ್ತಿಗೆ ಸೊಪ್ಪು ಹಾಕಲಿಲ್ಲ. ನನ್ನಿಂದ ಪಾಠ ಕೇಳಿ ಹೋದವರು ಈಗ ಎಲ್ಲೆಲ್ಲಿ ಯಾರ ಮುಂದೆ ಆ ಮಾತನ್ನಾಡುತ್ತಿರುವರೋ!

ನಮ್ಮಲ್ಲಿ ಬಹುಮಂದಿ ಇಂಗ್ಲಿಷನ್ನು ಕಣ್ಣಿನಿಂದ ಕಲಿತವರು. ನಿಘಂಟಿನಲ್ಲಿ ಶಬ್ದವು ಒಂಟಿಯಾಗಿ ನಿಂತಿರುತ್ತದೆ. ಚಿತ್ರದಲ್ಲಾದರೋ, ಆಡುವವನೊಬ್ಬ, ಕೇಳುವವನೊಬ್ಬ, ನಡುವೆ ಒಂದು ಹಸಿವೋ ಭಯವೋ ಇದ್ದೇ ಇರುತ್ತದೆ.

ಹಾಗೆಂದು ಕೇಳಿದುದನ್ನೆಲ್ಲ ನುಂಗುವುದೂ ಅಪಾಯ. ಆ ಕೈದಿಯ ಬಾಯಲ್ಲಿ ಬಂದ ಮೊದಲ ಅಕ್ಷರ 'ವಿ' ಅಲ್ಲ, 'ಡಬ್ಲ್ಯೂ'. ಹಿಂದಿನ ಕಾಲದ ಲಂಡನ್ನಿನ ಸಾಮಾನ್ಯ ಜನರ ಮಾತಿನಲ್ಲಿ ಇವೆರಡೂ ಅದಲುಬದಲಾಗುವುದುಂಟು. ಕನ್ನಡಿಗರಾದ ನಮಗೆ ಎರಡಕ್ಕೂ ವಕಾರವೊಂದೇ. ಅವನ ತಪ್ಪು ನಮ್ಮ ಕಿವಿಗೆ ಬೀಳುವುದೇ ಇಲ್ಲ. ಕಿವಿಗೆ ಬೀಳದುದು ಕಣ್ಣಿಗೆ ಬಿದ್ದೀತು. 'ವಿ' ಎನ್ನುವಾಗ ಮೇಲಿನ ಹಲ್ಲು ಕೆಳದುಟಿಯನ್ನು ಮುಟ್ಟುತ್ತದೆ. ಇನ್ನೊಂದಕ್ಕೆ ತುಟಿಗಳೆರಡೂ ದುಂಡಗಾಗುತ್ತವೆ. ನಟರ ಮುಖವನ್ನು ಹತ್ತಿರದಿಂದ ತೋರಿಸುವ ಚಿತ್ರದಲ್ಲಿ ಇದನ್ನು ನೋಡಬಹುದು. ರೇಡಿಯೋದಲ್ಲಿ, ಈ ಭಾಷಣವನ್ನೂ ಸೇರಿಸಿಯೇ ಹೇಳುತ್ತೇನೆ, ಅದು ಸಾಧ್ಯವಿಲ್ಲ.

ಉಚ್ಚಾರಣೆ ಸರಿಯಾದ ಮಾತ್ರಕ್ಕೆ ಮಾತು ಬಂದಿತೆನ್ನಲಾಗದು. ಬರ್ನಾರ್ಡ್ ಷಾ ಅವರ 'ಪಿಗ್ಮೇಲಿಯನ್' ನಾಟಕವು 1938ರಲ್ಲಿ ಚಿತ್ರವಾಯಿತು. ಅದರ ಚಿತ್ರಕಥೆಗೆ ಆಸ್ಕರ್ ಪಾರಿತೋಷಕವೂ ದೊರೆಯಿತು. ಲೆಸ್ಲಿ ಹೊವರ್ಡರು ಅಭಿನಯಿಸಿದ ಧ್ವನಿಶಾಸ್ತ್ರದ ಪ್ರೊಫೆಸರು, ಹೂ ಮಾರುವ ಎಲೈಜಾ ಎಂಬ ಹುಡುಗಿಗೆ ಸ್ವರವ್ಯಂಜನಗಳನ್ನು ತಿದ್ದಿ ದೊಡ್ಡ ಮನುಷ್ಯರ ಚಹಾಕೂಟಕ್ಕೆ ಬರಮಾಡುತ್ತಾನೆ. ಒಂದೊಂದು ಸ್ವರವೂ ಅಪರಂಜಿ. ಆದರೆ ಅವಳು ಆಡುವುದು, ತನ್ನ ಚಿಕ್ಕಮ್ಮನನ್ನು ಯಾರೋ ಮುಗಿಸಿಬಿಟ್ಟರೆಂಬ ಬೀದಿಯ ಹರಟೆ; ಹೊರಡುವಾಗ 'ಬ್ಲಡಿ' ಎಂಬ ಬೈಗುಳವನ್ನೂ ಅದೇ ಶುದ್ಧ ಉಚ್ಚಾರಣೆಯಲ್ಲಿ ಉದುರಿಸುತ್ತಾಳೆ. ನಿಘಂಟು ಇದರ ಪಕ್ಕದಲ್ಲಿ 'ಗ್ರಾಮ್ಯ' ಎಂದಷ್ಟೇ ಬರೆದೀತು. ಆ ಕೋಣೆಯಲ್ಲಿ ಕುಳಿತವರ ಮುಖಗಳನ್ನು ಕಂಡವನಿಗೆ ಅದರ ತೂಕ ತಿಳಿಯುತ್ತದೆ.

ಇದಕ್ಕೆ ಬಂಡವಾಳ ಎಷ್ಟು ಬೇಕು? 318 ಚಿತ್ರಗಳ ಮಾತುಗಳನ್ನು ಎಣಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಹೆಚ್ಚು ಬಳಕೆಯ 3000 ಶಬ್ದಕುಲಗಳೂ ಹೆಸರುಗಳೂ ಗೊತ್ತಿದ್ದರೆ ನೂರಕ್ಕೆ 95 ಮಾತುಗಳು ತಿಳಿಯುವುವೆಂದು ಅದರ ಲೆಕ್ಕ. ನಮ್ಮ ಪದವೀಧರರಿಗೆ ಕಾಗದದ ಮೇಲೆ ಇಷ್ಟು ಗೊತ್ತೇ ಇರುತ್ತದೆ, ಕಿವಿಗೆ ಗೊತ್ತಿರುವುದಿಲ್ಲ.

ನಾನು ಮೊದಲ ಸಲ ಕಥೆಗಾಗಿ ನೋಡುತ್ತೇನೆ. ಎರಡನೆಯ ಸಲ ಅರ್ಧ ಗಂಟೆಯಷ್ಟು ಭಾಗವನ್ನು ಮಾತ್ರ, ಇಂಗ್ಲಿಷು ಅಡಿಬರಹವನ್ನು ಹಾಕಿಕೊಂಡು ನೋಡುತ್ತೇನೆ. ಕನ್ನಡದ ಅಡಿಬರಹವಿದ್ದರೆ ಕಿವಿ ನಿದ್ರೆಹೋಗುತ್ತದೆ. ಆರೇಳು ಶಬ್ದಗಳಿಗಿಂತ ಹೆಚ್ಚು ಬರೆದುಕೊಳ್ಳುವುದಿಲ್ಲ. ಅರ್ಥಕ್ಕಿಂತ ಮೊದಲು, ಯಾರು ಯಾರಿಗೆ ಹೇಳಿದರೆಂಬುದನ್ನು ಗುರುತು ಮಾಡುತ್ತೇನೆ. ನನ್ನ ಪುಸ್ತಕದ ಮೊದಲನೆಯ ಪುಟದಲ್ಲಿ ಹೀಗಿದೆ: 'ವಿಟಲ್ಸ್, ಹಸಿದ ಕೈದಿ, ಹೆದರಿದ ಹುಡುಗನಿಗೆ.'